ಕೆರೆಗೆ ಅರವತ್ತಾರು ಕಿಲೋಮೀಟರ್

ನಮ್ಮ ಮದುವೆಯಾದ ವರ್ಷ ಪೇಟೆಯಿಂದ ಕೆರೆಗೆ ಐದು ಕಿಲೋಮೀಟರ್ ಇತ್ತು. ನನ್ನ ಗಂಡ ಹಾಲಪ್ಪ ಆ ಕೆರೆಯ ನೀರುಗಂಟಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೂಬು ಎತ್ತಿ ಊರಿಗೆ ನೀರು ಬಿಡುವುದು ಅವರ ಕೆಲಸ. ಅವರಪ್ಪನೂ ಅದನ್ನೇ ಮಾಡಿಕೊಂಡು ಬಂದವರು. ನಾನು ಪೇಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಅದು ನಮ್ಮಪ್ಪ ನನ್ನ ಕೈಗಿಟ್ಟು ಹೋದದ್ದು. ಆಗೆಲ್ಲ ನಮ್ಮವರು ಬೆಳಗಿನ ತೂಬು ಮುಗಿಸಿ ಸೈಕಲ್ ತುಳಿದುಕೊಂಡು ತಿಂಡಿಗೆ ಮನೆಗೆ ಬರುತ್ತಿದ್ದರು. ಸಂಜೆಯದು ಮುಗಿಸಿ ಊಟಕ್ಕೆ ಬರುತ್ತಿದ್ದರು. ಕ್ಯಾರಿಯರಿನಲ್ಲಿ ಏರಿ ಬದಿಯಲ್ಲಿ ಕಿತ್ತ ಒಂದು ಹಿಡಿ ಹೊನಗೊನ್ನೆ ಸೊಪ್ಪು ಇದ್ದೇ ಇರುತ್ತಿತ್ತು. ಬಾಗಿಲಲ್ಲಿ ನಿಂತು ಚಪ್ಪಲಿಯ ಕೆಸರು ಕೆರೆದುಕೊಳ್ಳುವ ಸದ್ದು ಕೇಳಿದರೆ ನಾನು ಒಲೆಯ ಮೇಲೆ ಹಂಚು ಇಡುತ್ತಿದ್ದೆ.

ಆ ದಾರಿ ಬೆಳೆಯುತ್ತದೆ. ನಮ್ಮೂರಿನ ಬೇರೆ ಯಾವ ದಾರಿಯೂ ಹಾಗಿಲ್ಲ, ಅದೊಂದೇ. ಪ್ರತಿ ವರ್ಷ ದೀಪಾವಳಿ ಕಳೆದ ವಾರ ರಸ್ತೆ ಇಲಾಖೆಯವರು ಸರಪಳಿ ಹಿಡಿದು ಅಳೆಯುತ್ತಾರೆ, ಪೇಟೆ ಬಾಯಲ್ಲಿರುವ ಕಲ್ಲಿನ ಮೇಲಿನ ಹಳೆಯ ಅಂಕಿಗೆ ಸುಣ್ಣ ಬಳಿದು ಹೊಸದು ಬರೆಯುತ್ತಾರೆ. ಐದು ಇದ್ದದ್ದು ಏಳಾಯಿತು, ಹತ್ತಾಯಿತು. ಸಾಲಿನಲ್ಲಿ ನೂರ ಹನ್ನೆರಡು ಹುಣಸೆ ಮರಗಳಿದ್ದವು, ಈಗಲೂ ನೂರ ಹನ್ನೆರಡೇ ಇವೆ. ಮೊದಲು ಒಂದರ ನೆರಳು ಇನ್ನೊಂದರ ಬುಡಕ್ಕೆ ತಾಗುತ್ತಿತ್ತು. ಈಗ ಒಂದು ಮರದಡಿ ನಿಂತರೆ ಮುಂದಿನದು ಎಳ್ಳಿನಷ್ಟು ಕಾಣುತ್ತದೆ. ನಡುವೆ ಮನೆ ಮಾಡಿಕೊಂಡಿದ್ದವರು ಪಕ್ಕದ ಮನೆಗೆ ಕೆಂಡ ತರಲು ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುವಂತಾದಾಗ, ಕೆಲವರು ಪೇಟೆಗೆ, ಕೆಲವರು ಕೆರೆಗೆ ಎದ್ದು ಹೋದರು. ಹೆಣ್ಣು ನೋಡುವವರು ಜಾತಕಕ್ಕಿಂತ ಮೊದಲು 'ಪೇಟೆ ಕಡೆಯವರೋ, ಕೆರೆ ಕಡೆಯವರೋ' ಎಂದು ಕೇಳುವುದು ರೂಢಿಯಾಯಿತು. ನಮ್ಮನ್ನು ಯಾರೂ ಕೇಳಿರಲಿಲ್ಲ. ನಮ್ಮದು ಆಗಲೇ ಆಗಿಹೋಗಿತ್ತು.

ಹದಿನೈದು ಕಿಲೋಮೀಟರ್ ಆದಾಗ ಅವರು ತಿಂಡಿಗೆ ಬರುವುದು ನಿಂತಿತು. ಇಪ್ಪತ್ತೆರಡಾದಾಗ ರಾತ್ರಿ ಅಲ್ಲೇ ತೂಬಿನ ಮನೆಯಲ್ಲಿ ಮಲಗತೊಡಗಿದರು. ತೂಬಿನ ಮನೆ ಎಂದರೆ ಏರಿಯ ಮೇಲಿನ ಒಂದು ಕೋಣೆ, ಮುಂದೊಂದು ಕಟ್ಟೆ. ನಾನು ಭಾನುವಾರ ಮೊಪೆಡ್‌ನಲ್ಲಿ ಹೋಗಿ ಬರುತ್ತಿದ್ದೆ. ಪೆಟ್ರೋಲ್ ಟ್ಯಾಂಕರಿನವರಿಗೆ ನಮ್ಮೂರು ಬೇಡವಾಗಿ ಬಂಕ್ ಮುಚ್ಚಿತು, ಮೊಪೆಡ್ ಗೋಡೆಗೆ ಒರಗಿತು. ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದ ಬಸ್ಸು ಒಂದಾಯಿತು. ನಡುವೆ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲವೆಂದು ಆಮೇಲೆ ಗುರುವಾರ ಮೇಲೆ ಹೋಗಿ ಸೋಮವಾರ ಕೆಳಗೆ ಬರುವಂತಾಯಿತು. ಅಷ್ಟು ದಿನ ಗಿರಣಿ ಮುಚ್ಚಿದರೆ ಮುನ್ನೂರು ಮನೆಯ ರೊಟ್ಟಿ ನಿಲ್ಲುತ್ತದೆ. ಒಂದು ದಿನ ತೂಬು ಎತ್ತದಿದ್ದರೆ ಅದೇ ಮುನ್ನೂರು ಮನೆಯ ನೀರು ನಿಲ್ಲುತ್ತದೆ. ನಮಗೆ ಮಕ್ಕಳಿಲ್ಲ. ನಾವಿಬ್ಬರೇ, ಹಾಗೆ ಎರಡು ತುದಿಗಳಲ್ಲಿ.

ನೀರಿನ ಕಾಲುವೆಯೂ ದಾರಿಯ ಜೊತೆಗೇ ಉದ್ದವಾಗಿತ್ತು. ಅವರು ಬಿಟ್ಟ ನೀರು ಪೇಟೆಯ ನಲ್ಲಿಗೆ ಬರಲು ಕೊನೆಕೊನೆಗೆ ಮೂರು ದಿನ ಹಿಡಿಯತೊಡಗಿತು. ಬೆಳಿಗ್ಗೆ ಕೊಡ ಹಿಡಿದು ನಿಂತಾಗ ಇದು ಮಂಗಳವಾರದ ನೀರು, ಅವತ್ತು ಅವರಿಗೆ ಸ್ವಲ್ಪ ನೆಗಡಿ ಇತ್ತು ಎಂದುಕೊಳ್ಳುತ್ತಿದ್ದೆ. ಸಂಜೆ ಫೋನಿನಲ್ಲಿ ಮಾತಾಡುತ್ತಿದ್ದೆವು. ಅವರಿಗೆ ಫೋನಿನಲ್ಲಿ ಮಾತು ಬರುವುದಿಲ್ಲ. 'ಊಟ ಆಯ್ತಾ', 'ಆಯ್ತು', 'ನಿಂದು', 'ಆಗಬೇಕು'. ಆಮೇಲೆ ಇಬ್ಬರೂ ಸುಮ್ಮನೆ ಫೋನು ಕಿವಿಗಿಟ್ಟುಕೊಂಡು ಕೂರುತ್ತಿದ್ದೆವು. ಆ ಕಡೆ ಕಪ್ಪೆಗಳು ಕೂಗುವುದು ಕೇಳಿಸುತ್ತಿತ್ತು.

ದಾರಿ ಮೂವತ್ತೆಂಟು ಆದ ವರ್ಷ ಪೇಟೆಗೆ ಎಲೆಕ್ಟ್ರಿಕ್ ಸ್ಕೂಟರಿನ ಅಂಗಡಿ ಬಂತು. ಒಂದು ಚಾರ್ಜಿಗೆ ನೂರಿಪ್ಪತ್ತು ಕಿಲೋಮೀಟರ್ ಎಂದು ಹೊರಗೆ ಬ್ಯಾನರ್ ಕಟ್ಟಿದ್ದರು. ನಾನು ಎರಡನೇ ಯೋಚನೆ ಮಾಡಲಿಲ್ಲ. ತಿಳಿ ನೀಲಿ ಬಣ್ಣದ್ದು ತಂದೆ. ನೂರಿಪ್ಪತ್ತು ಎನ್ನುವುದು ಬ್ಯಾನರಿನ ಮಾತು, ನಿಜವಾಗಿ ತೊಂಬತ್ತೈದು ಬರುತ್ತಿತ್ತು. ನನಗೆ ಅಷ್ಟು ಸಾಕಿತ್ತು. ಶನಿವಾರ ಮಧ್ಯಾಹ್ನ ಗಿರಣಿಯ ಬೆಲ್ಟ್ ಇಳಿಸಿ, ಮೈಮೇಲಿನ ಹಿಟ್ಟು ಕೊಡವಿ, ಮುಂದೆ ಕಾಲಿನ ಹತ್ತಿರ ಜೋಳದ ಹಿಟ್ಟಿನ ಚೀಲ ಇಟ್ಟುಕೊಂಡು ಹೊರಡುತ್ತಿದ್ದೆ. ಅದು ಸದ್ದೇ ಮಾಡುತ್ತಿರಲಿಲ್ಲ. ಮೊದಲ ಸಲ ಹೋದಾಗ ಅವರು ಏರಿಯ ಮೇಲೆ ಬೆನ್ನು ಹಾಕಿ ಬನಿಯನ್ ಹಿಂಡುತ್ತಿದ್ದರು. ನಾನು ಹಿಂದೆ ಬಂದು ನಿಂತದ್ದು ಅವರಿಗೆ ಗೊತ್ತಾಗಲೇ ಇಲ್ಲ. "ರೀ" ಎಂದೆ. ಬೆಚ್ಚಿ ಬಿದ್ದು ತಿರುಗಿದರು, ನೋಡಿದರು, ಆ ಒದ್ದೆ ಬನಿಯನ್ನಿನಿಂದಲೇ ಮುಖ ಒರೆಸಿಕೊಂಡರು. "ಕಣ್ಣಿಗೆ ಸೋಪು ಹೋಯ್ತು" ಎಂದರು. ಬಕೆಟ್ಟಿನಲ್ಲಿ ಸೋಪೇ ಇರಲಿಲ್ಲ.

ಎರಡು ವರ್ಷ ಒಂದೇ ಒಂದು ಶನಿವಾರ ತಪ್ಪಲಿಲ್ಲ. ಆಮೇಲೆ ಶುರುವಾಯಿತು. ಮೊದಲು ಮಳೆಯಲ್ಲಿ ಮುಂದಿನ ಪರದೆ ಕಪ್ಪಾಯಿತು. ಎಷ್ಟು ಚಾರ್ಜಿದೆಯೋ ತಿಳಿಯದೆ, ದೇವರ ಮೇಲೆ ಭಾರ ಹಾಕಿ ಓಡಿಸಿದೆ. ಅದು ಸರಿಯಾಯಿತು ಎನ್ನುವಷ್ಟರಲ್ಲಿ ಚಾರ್ಜರ್ ಸುಟ್ಟಿತು. ಸರ್ವಿಸ್ ಸೆಂಟರಿನಲ್ಲಿ ಇದ್ದವನು ತಿಪ್ಪೇಸ್ವಾಮಿ ಎಂಬ ಮೂವತ್ತೈದರ ಗಂಡಸು. ಒಳ್ಳೆಯವನು. ಆದರೆ ಅವನ ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ, ಲ್ಯಾಪ್‌ಟಾಪ್ ಇತ್ತು. ಗಾಡಿಗೆ ಒಂದು ವೈರ್ ಸಿಕ್ಕಿಸಿ ಪರದೆ ನೋಡಿ, "ಕಂಪ್ಲೇಂಟ್ ಹಾಕಿದೀನಿ ಅಕ್ಕಾ. ಮೇಲಿಂದ ಉತ್ತರ ಬರಬೇಕು" ಎನ್ನುತ್ತಿದ್ದ.

"ಬಿಚ್ಚಿ ನೋಡಪ್ಪಾ. ನನ್ನ ಗಿರಣಿ ಮೋಟಾರು ಹತ್ತು ಹೆಚ್‌ಪಿದು. ಬೇರಿಂಗ್ ಹೋದ್ರೆ ನಾನೇ ಬಿಚ್ತೀನಿ, ನಾನೇ ಹಾಕ್ತೀನಿ. ಇದಕ್ಕೇನು ಅಂಥಾ ಕೊಂಬು ಬಂದಿರೋದು?"

"ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಅಕ್ಕಾ. ಇಲ್ಲಿ ಸ್ಟಿಕ್ಕರ್ ಇದೆ ನೋಡಿ."

ವಾರಂಟಿ ಬಿಚ್ಚದೆಯೂ ಹೋಯಿತು. ಕಂಪನಿಯ ನಕ್ಷೆಯಲ್ಲಿ ನಮ್ಮ ದಾರಿ ಇನ್ನೂ ಐದೇ ಕಿಲೋಮೀಟರ್. ನನ್ನ ಗಾಡಿ ವಾರಕ್ಕೊಮ್ಮೆ ಐದು ಹೋಗಿ ಐದು ಬರುತ್ತಿದೆ, ಮೀಟರ್ ಮಾತ್ರ ತೊಂಬತ್ತು ತೋರಿಸುತ್ತಿದೆ, ಆದ್ದರಿಂದ ಮೀಟರ್ ತಿದ್ದಲಾಗಿದೆ ಎಂದು ಬರೆದು ಕಳಿಸಿದರು. ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಎರಡು ಒತ್ತಿ, ದೂರಿಗೆ ನಾಲ್ಕು ಒತ್ತಿ, ಕಾಲು ಗಂಟೆ ಕೊಳಲಿನ ಸದ್ದು ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಅವಳಿಗೆ ದಾರಿಯ ವಿಷಯ ಹೇಳಿದೆ. "ಮೇಡಂ, ನಿಮ್ಮ ದಾರಿ ಬೆಳೆಯುತ್ತೆ ಅಂತ ಬರೆಯೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲ. 'ಇತರೆ' ಅಂತ ಹಾಕ್ಲಾ?" ಎಂದಳು. ಹಾಕಮ್ಮಾ ಎಂದೆ.

ಹೀಗೆ ಒಂದು ತಿಂಗಳು ಅಂಗಡಿಯಲ್ಲಿ, ಎರಡು ತಿಂಗಳು ನನ್ನ ಹತ್ತಿರ. ಗಾಡಿ ಇದ್ದ ತಿಂಗಳುಗಳಲ್ಲೂ ಕಣ್ಣು ಮೀಟರಿನ ಮೇಲೇ ಇರುತ್ತಿತ್ತು. ದಾರಿ ಐವತ್ತೆರಡಾಯಿತು, ಅರವತ್ತೊಂದಾಯಿತು. ಬ್ಯಾಟರಿ ಎಂಬತ್ತಕ್ಕೆ ಇಳಿಯಿತು, ಎಪ್ಪತ್ತಕ್ಕೆ ಇಳಿಯಿತು. ಈಗ ಹೋದ ಮೇಲೆ ಅಲ್ಲಿ ಚಾರ್ಜ್ ಹಾಕದೆ ಬರುವಂತಿರಲಿಲ್ಲ. ತೂಬಿನ ಮನೆಗೆ ಬಂದಿದ್ದ ಕರೆಂಟು ಒಂದು ಬಲ್ಬಿಗೆ, ಒಂದು ಫ್ಯಾನಿಗೆ ಆಗುವಷ್ಟು. ಚಾರ್ಜರ್ ಸಿಕ್ಕಿಸಿದರೆ ಫ್ಯೂಜ್ ಹಾರುತ್ತಿತ್ತು. ನಮ್ಮವರು ಬಲ್ಬು ತೆಗೆದಿಟ್ಟರು, ಫ್ಯಾನ್ ಆರಿಸಿದರು, ಅವರಿಗೆ ಪ್ರಾಣವಾಗಿದ್ದ ರೇಡಿಯೋದ ಪಿನ್ನೂ ಕಿತ್ತರು. ನಾವು ಹೊತ್ತಿರುವಾಗಲೇ ಊಟ ಮುಗಿಸಿ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಅವರು ರಟ್ಟಿನ ತುಂಡಿನಿಂದ ನನಗೆ ಗಾಳಿ ಹಾಕುತ್ತ, ಆಗಾಗ ಎದ್ದು ಹೋಗಿ ಚಾರ್ಜರಿನ ದೀಪ ಹಸಿರಾಯಿತೇ ಎಂದು ನೋಡಿ ಬರುತ್ತಿದ್ದರು. ಹಸಿರಾಗುವುದು ಅವರಿಗೆ ಬೇಕಾಗಿತ್ತೋ ಬೇಡವಾಗಿತ್ತೋ, ನಾನು ಕೇಳಲಿಲ್ಲ.

ಕಳೆದ ವರ್ಷದ ಭಾದ್ರಪದದ ಒಂದು ಶನಿವಾರ. ನಲವತ್ತು ಕಿಲೋಮೀಟರ್ ದಾಟಿದ್ದೆ, ಇನ್ನು ಇಪ್ಪತ್ತೊಂದು ಉಳಿದಿತ್ತು. ಚಾರ್ಜು ಬೇಕಾದಷ್ಟಿತ್ತು. ಇದ್ದಕ್ಕಿದ್ದಂತೆ ಪರದೆಯ ಮೇಲೆ ಕೆಂಪು ಚಿಹ್ನೆ ಬಂದು, ಸರ್ವಿಸ್‌ಗೆ ಕರೆ ಮಾಡಿ ಎಂಬ ಅಕ್ಷರ ಮೂಡಿ, ಗಾಡಿ ನಿಂತಿತು. ಕರೆ ಮಾಡಲು ಅಲ್ಲಿ ಸಿಗ್ನಲ್ ಎಲ್ಲಿದೆ? ಆರಿಸಿ ಹಚ್ಚಿದೆ, ಮತ್ತೆ ಆರಿಸಿ ಹಚ್ಚಿದೆ. ತಳ್ಳಿಕೊಂಡಾದರೂ ಹೋಗೋಣವೆಂದರೆ ಹಿಂದಿನ ಚಕ್ರ ತನ್ನಷ್ಟಕ್ಕೆ ತಾನೇ ಲಾಕ್ ಆಗಿತ್ತು. ಕಳ್ಳರು ಒಯ್ಯದಿರಲಿ ಎಂದು ಕಂಪನಿಯವರು ಕೊಟ್ಟ ಸೌಕರ್ಯ ಅದು. ಕಳ್ಳನಿಗೂ ಅಲ್ಲಿಗೆ ಬರಲು ಗಾಡಿ ಬೇಕಲ್ಲ. ನಾನು ಹುಣಸೆ ಮರದ ಬುಡದಲ್ಲಿ ಹಿಟ್ಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಎರಡೂ ನಿಂತವು. ನನಗಿಂತ ಮುಂದೆ ಇಪ್ಪತ್ತೊಂದು ಕಿಲೋಮೀಟರಿನಾಚೆ ಒಬ್ಬರು ದಾರಿ ನೋಡುತ್ತ ಕಟ್ಟೆಯ ಮೇಲೆ ಕೂತಿದ್ದಾರೆ, ಅಡುಗೆ ಮಾಡಿ ಮುಚ್ಚಿಟ್ಟಿದ್ದಾರೆ ಎಂಬುದೊಂದೇ ತಲೆಯಲ್ಲಿ ಉಳಿಯಿತು. ಸೆರಗು ಹೊದ್ದು ಮರಕ್ಕೆ ಒರಗಿದೆ.

ಕಣ್ಣು ಬಿಟ್ಟಾಗ ಬೆಳಕು ಹರಿಯುತ್ತಿತ್ತು. ನಮ್ಮವರು ಎದುರಿಗೆ ಕುಕ್ಕರುಗಾಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಒಂದು ಚಪ್ಪಲಿಯ ಉಂಗುಷ್ಟ ಕಿತ್ತಿತ್ತು. ನಾಲ್ಕಕ್ಕೆ ಬರಬೇಕಾದವಳು ಐದಾದರೂ ಬರಲಿಲ್ಲವೆಂದು ಅವರು ಹೊರಟು, ಕತ್ತಲಲ್ಲಿ ದಾರಿಬದಿಯ ಒಂದೊಂದು ಮರದಡಿಯೂ ನೋಡುತ್ತ ರಾತ್ರಿಯೆಲ್ಲ ನಡೆದಿದ್ದರು.

"ಏನಾಗಿಲ್ಲ ತಾನೇ?" ಎಂದರು.

"ನನಗೇನೂ ಆಗಿಲ್ಲ. ಗಾಡಿ ಕೆಟ್ಟಿದೆ."

"ಕೆಡ್ಲಿ ಬಿಡು." ಬುತ್ತಿ ಬಿಚ್ಚಿದರು. ಎರಡು ರೊಟ್ಟಿ, ಬದನೆಕಾಯಿ ಪಲ್ಯ. ನಾನು ತಿನ್ನುವುದನ್ನು ನೋಡುತ್ತಿದ್ದರು. ಆಗ ನನಗೆ ಹೊಳೆದು ರೊಟ್ಟಿ ಕೆಳಗಿಟ್ಟೆ.

"ರೀ, ಸಂಜೆ ತೂಬು?"

ಅವರು ತಲೆ ಅಲ್ಲಾಡಿಸಿದರು. ಸಂಜೆಯದೂ ಎತ್ತಿರಲಿಲ್ಲ, ಈಗ ಬೆಳಗಿನದೂ ಹೋಗಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವರ ಅಪ್ಪ ತೀರಿಕೊಂಡ ದಿನವೂ ಅವರು ತೂಬು ತಪ್ಪಿಸಿರಲಿಲ್ಲ. "ಈಗ ಹೊರಟ್ರೆ ಸಂಜೇದಕ್ಕೆ ಸಿಗ್ತೀನಿ" ಎಂದು ಎದ್ದರು. ಅಷ್ಟು ದೂರ ನಡೆದು ಬಂದವರು ನನ್ನ ಹತ್ತಿರ ಕೂತದ್ದು ಅರ್ಧ ಗಂಟೆ. ಕಿತ್ತ ಚಪ್ಪಲಿಗೆ ನನ್ನ ಸೆರಗಿನ ಪಿನ್ನು ಸಿಕ್ಕಿಸಿಕೊಟ್ಟೆ. ಹೋಗುವಾಗ ಅವರು ಹಿಂದಿರುಗಿ ನೋಡಲಿಲ್ಲ. ಆ ದಾರಿಯಲ್ಲಿ ಹಿಂದಿರುಗಿ ನೋಡಿದರೆ ಮನುಷ್ಯ ಬಹಳ ಹೊತ್ತು ಕಾಣುತ್ತಲೇ ಇರುತ್ತಾನೆ, ಹೋಗಲಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಲಾಖೆಯ ಜಲ್ಲಿ ಟ್ರ್ಯಾಕ್ಟರೊಂದು ಬಂತು. ನನ್ನನ್ನೂ ಗಾಡಿಯನ್ನೂ ಹೇರಿಕೊಂಡು ಪೇಟೆಗೆ ತಂದು ಹಾಕಿದರು.

ಮೂರು ದಿನ ಕಳೆದು, ಮಂಗಳವಾರ ಸಂಜೆ ಮತ್ತು ಬುಧವಾರ ಬೆಳಿಗ್ಗೆ ಪೇಟೆಯ ನಲ್ಲಿಗಳಲ್ಲಿ ಗಾಳಿ ಬಂತು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಗಿರಣಿಗೆ ಬಂದ ಹೆಂಗಸರು ಡಬ್ಬ ಇಟ್ಟು ದೂರ ಸರಿದು ನಿಂತರು. ಒಬ್ಬಳು ನನ್ನ ಕಡೆ ನೋಡದೆ, "ನಮ್ಮನೇಲಿ ಬಾಣಂತಿ ಇದಾಳೆ" ಎಂದಳು. ಬಸಲಿಂಗವ್ವ ಎಂಬ ಮುದುಕಿ, ನಮ್ಮಪ್ಪನ ಕಾಲದಿಂದ ಬರುವವಳು, ತನ್ನ ರಾಗಿ ಚೀಲ ಕುಕ್ಕಿ, "ಗಂಡ ಹೆಂಡ್ತಿ ಮೊಕ ನೋಡಾಕೆ ನಡಕೊಂಡು ಬಂದಾನೆ. ಒಂದಿನ ನೀರಿಲ್ದಿದ್ರೆ ಯಾರೂ ಸಾಯಾಂಗಿಲ್ಲ. ಬೀಸವ್ವಾ ನೀನು" ಎಂದಳು. ನಾನು ಬೀಸಿದೆ. ಕೆರೆ ಕಮಿಟಿಯವರು ನಮ್ಮವರಿಗೆ ನೋಟಿಸು ಕೊಟ್ಟರು: ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಬೇಕು. ಅವತ್ತು ಸಂಜೆ ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: "ಗಾಡಿ ಪೂರ್ತಿ ಸರಿಯಾಗೋ ತನಕ ಬರಬೇಡ ಸುವರ್ಣಾ. ನೀನು ದಾರೀಲಿ ಕೂತ್ರೆ ನಾನು ಇಲ್ಲಿ ಕೂರೋದಿಲ್ಲ, ನನಗೆ ಗೊತ್ತು."

ಪೂರ್ತಿ ಸರಿಯಾಗುವುದಕ್ಕೆ ಕಂಟ್ರೋಲರ್ ಎಂಬ ಅಂಗೈ ಅಗಲದ ಒಂದು ಪೆಟ್ಟಿಗೆ ಬರಬೇಕಿತ್ತು. ನಾನು ದಿನಾ ಗಿರಣಿ ಮುಚ್ಚಿ ಸರ್ವಿಸ್ ಸೆಂಟರಿಗೆ ಹೋಗಿ ನಿಲ್ಲುತ್ತಿದ್ದೆ. ನನ್ನ ಹಾಗೆಯೇ ಇನ್ನೂ ಹದಿನಾರು ಗಾಡಿಗಳು ಅಲ್ಲಿ ಧೂಳು ಹಿಡಿದು ನಿಂತಿದ್ದವು. ತಿಪ್ಪೇಸ್ವಾಮಿ ನನ್ನನ್ನು ಕಂಡರೆ ಸ್ಟೂಲು ಒರೆಸಿ ಕೊಡುತ್ತಿದ್ದ. ಮಹಾನವಮಿ ಹೊತ್ತಿಗೆ ಪೆಟ್ಟಿಗೆ ಬಂತು. ಬಿಚ್ಚಿ ನೋಡಿದರೆ ಬೇರೆ ಮಾಡೆಲಿನದು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಕ್ಕಾ, ನಾನು ಇವರಿಗೆ ಕೈ ಮುಗಿದು ಬರೆದಿದ್ದೆ" ಎಂದ. ವಾಪಸ್ಸು ಹೋಯಿತು. ದೀಪಾವಳಿ ಬಂತು. ಪಟಾಕಿಯ ಕಾಗದ ಗುಡಿಸುವ ಮೊದಲೇ ಇಲಾಖೆಯವರು ಸರಪಳಿ ಹಿಡಿದು ಹೊರಟರು. ಕಲ್ಲಿನ ಮೇಲೆ ಅರವತ್ತಾರು ಎಂದು ಬರೆದರು. ಸರಿಯಾದ ಪೆಟ್ಟಿಗೆ ಬಂದದ್ದು ಅದಾದ ಹನ್ನೊಂದು ದಿನಕ್ಕೆ.

ಗಾಡಿ ಓಡಿತು. ನಾನು ಊರ ಸುತ್ತಲೇ ಸುತ್ತಿ ಸುತ್ತಿ ಅಳೆದೆ. ನಿಂತು ನಿಂತು ಮೂಲೆ ಸೇರಿದ್ದ ಬ್ಯಾಟರಿ ಐವತ್ತಕ್ಕೆ ಸುಸ್ತಾಯಿತು. ಹೊಸ ಬ್ಯಾಟರಿ ಕೊಡಿ ಎಂದರೆ ಆ ಮಾಡೆಲ್ ಮಾಡುವುದನ್ನೇ ಕಂಪನಿ ನಿಲ್ಲಿಸಿತ್ತು. ಕೆರೆಯ ದಾರಿ ಏರು. ಕೊನೆಯ ಹದಿನಾರು ಕಿಲೋಮೀಟರ್ ಆ ಭಾರ ತಳ್ಳುವುದು ನನ್ನಿಂದಾಗದ ಮಾತು. ಆದರೂ ಫೋನಿನಲ್ಲಿ, "ತಳ್ಕೊಂಡು ಬರ್ತೀನಿ" ಎಂದೆ. "ಬೇಡ" ಎಂದರು. "ನಿಧಾನಕ್ಕೆ ಬರ್ತೀನಿ" ಎಂದೆ. ಆ ಕಡೆಯಿಂದ ಮಾತಿಲ್ಲ. ಕಪ್ಪೆಗಳೂ ಇರಲಿಲ್ಲ, ಚಳಿಗಾಲ ಬಂದಿತ್ತು.

ಸಂಕ್ರಾಂತಿ ಕಳೆದು ಸರ್ವಿಸ್ ಸೆಂಟರಿಗೆ ಬೀಗ ಬಿತ್ತು. ಬ್ಯಾನರನ್ನು ಯಾರೋ ಹುಲ್ಲಿನ ಬಣವೆಗೆ ಹೊದಿಸಲು ಒಯ್ದರು. ತಿಪ್ಪೇಸ್ವಾಮಿ ಪೇಟೆ ಬಾಯಲ್ಲೇ ಒಂದು ಪುಟ್ಟ ಅಂಗಡಿ ಹಾಕಿ ಮಿಕ್ಸಿ, ಫ್ಯಾನು ರಿಪೇರಿಗೆ ಕೂತ. ಅಷ್ಟು ಹೊತ್ತಿಗೆ ಗಾಡಿ ಇಪ್ಪತ್ತೂ ಓಡುತ್ತಿರಲಿಲ್ಲ. ಒಂದು ಭಾನುವಾರ ಅವನು ನನ್ನ ಗಿರಣಿಗೆ ಬಂದು, "ಅಕ್ಕಾ, ಈಗ ಬಿಚ್ಚೋಣ" ಎಂದ. ಸ್ಟಿಕ್ಕರನ್ನು ಅವನೇ ಉಗುರಿನಿಂದ ಎಬ್ಬಿಸಿದ. ಗೋಣಿಚೀಲ ಹಾಸಿ, ಬ್ಯಾಟರಿ ಪೆಟ್ಟಿಗೆಯನ್ನು ಅದರ ಮೇಲಿಟ್ಟು, ಇಬ್ಬರೂ ಸೇರಿ ತೆಗೆದೆವು. ಒಳಗೆ ಬೆರಳು ಗಾತ್ರದ ನೂರಾರು ಕೊಳವೆಗಳು ಜೇನುಗೂಡಿನಂತೆ ನಿಂತಿದ್ದವು. ಅವನು ಒಂದೊಂದಕ್ಕೂ ಮೀಟರ್ ಮುಟ್ಟಿಸಿ 'ಇದು ಬದುಕಿದೆ, ಇದು ಸತ್ತಿದೆ' ಎನ್ನುತ್ತ ಹೋದ, ನಾನು ಸತ್ತದ್ದಕ್ಕೆ ಅರಿಶಿನದ ಬೊಟ್ಟು ಇಡುತ್ತ ಹೋದೆ. ಸಂಜೆಯಾಗುವಷ್ಟರಲ್ಲಿ ಪೆಟ್ಟಿಗೆಯ ಮುಕ್ಕಾಲು ಭಾಗ ಹಳದಿಯಾಗಿತ್ತು. ಬದುಕಿದ್ದನ್ನಷ್ಟೇ ಬೆಸೆದು ಕಟ್ಟಲು ಅವನಿಗೆ ಎರಡು ವಾರ ಹಿಡಿಯಿತು. ಎಲ್ಲಿಂದಲೋ ಹಳೆಯ ಗಾಡಿಗಳ ಕೊಳವೆಗಳನ್ನೂ ತಂದು ಸೇರಿಸಿದ.

"ಅಕ್ಕಾ, ಸುಳ್ಳು ಹೇಳಲ್ಲ. ನಲವತ್ತು ಬರುತ್ತೆ. ಆದ್ರೆ ನಲವತ್ತು ಅಂದ್ರೆ ನಲವತ್ತು. ನಡುವೆ ನಿಲ್ಲೋದಿಲ್ಲ, ಇದಕ್ಕೆ ನಾನು ಜವಾಬ್ದಾರಿ."

ಅಷ್ಟು ವರ್ಷಗಳಲ್ಲಿ ಆ ಗಾಡಿಯ ಬಗ್ಗೆ ನಾನು ಕೇಳಿದ ಮೊದಲ ನಿಜ ಅದು. ಅವನಿಗೆ ಊಟ ಹಾಕಿ ಕಳಿಸಿದೆ. ಸಂಜೆ ಫೋನಿನಲ್ಲಿ ನಮ್ಮವರಿಗೆ ಹೇಳಿದೆ: "ಇನ್ನು ಆಗೋದಿಲ್ಲ ರೀ. ನಲವತ್ತು." ಅವರು "ಹೂಂ" ಎಂದರು. ಆಮೇಲೆ, "ಊಟ ಆಯ್ತಾ?" ಎಂದರು. ಆಯಿತು ಎಂದೆ. ಆಗಿರಲಿಲ್ಲ.

ಮುಂದಿನ ಸೋಮವಾರ ಗಿರಣಿಯಲ್ಲಿ ಸಾಲು ಬಾಗಿಲ ಹೊರಗಿನವರೆಗೂ ಇತ್ತು. ನಾನು ತಲೆಗೆ ಬಟ್ಟೆ ಕಟ್ಟಿಕೊಂಡು, ಕಣ್ಣ ರೆಪ್ಪೆಯೆಲ್ಲ ಬಿಳಿಯಾಗಿ, ಡಬ್ಬದ ಮೇಲೆ ಡಬ್ಬ ಸುರಿಯುತ್ತಿದ್ದೆ. ಗಿರಣಿಯ ಗದ್ದಲದಲ್ಲಿ ತಲೆಯೆತ್ತಿ ನೋಡುವ ಅಭ್ಯಾಸ ನನಗಿಲ್ಲ, ಚೀಲ ನೋಡುತ್ತೇನೆ, ಬೀಸುತ್ತೇನೆ. ಸಾಲು ಸರಿದು ಎದುರಿಗೆ ಒಬ್ಬರು ಬಂದು ನಿಂತರು. ಚೀಲ ಮುಂದೆ ಬರಲಿಲ್ಲ.

"ನಿಮ್ಮದೇನು, ಜೋಳನಾ ಗೋಧಿನಾ?" ಎಂದು ಕೂಗಿದೆ.

ನೋಡಿದರೆ ಕೆಳಗೆ ಒಂದು ಟ್ರಂಕು, ಅದರ ಮೇಲೆ ರೇಡಿಯೋ. ನಿಧಾನಕ್ಕೆ ಕಣ್ಣೆತ್ತಿದೆ. ಹನ್ನೆರಡು ವರ್ಷದ ಮೇಲೆ ಪೇಟೆಗೆ ಕಾಲಿಟ್ಟವರು, ಎಲ್ಲರಂತೆ ಸಾಲಿನ ಕೊನೆಯಲ್ಲಿ ನಿಂತು, ತಮ್ಮ ಸರದಿ ಬರುವವರೆಗೆ ಕಾದಿದ್ದರು. ನಾನು ಹೋಗಿ ಮೋಟಾರಿನ ಸ್ವಿಚ್ ಇಳಿಸಿದೆ. ಗಿರಣಿ ನಿಂತ ಮೇಲಿನ ನಿಶ್ಶಬ್ದದಲ್ಲಿ ಹೆಂಗಸರೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ತೂಬು?" ಎಂದೆ.

"ಕೆರೆ ಕಡೆಯ ಗೋಣೆಪ್ಪನಿಗೆ ಒಪ್ಪಿಸಿದೆ. ಅವನ ಹೆಂಡತಿ ಮಕ್ಕಳು ಅಲ್ಲೇ ಇದಾರಲ್ಲ." ಆಮೇಲೆ, ತಪ್ಪು ಮಾಡಿದವರಂತೆ ನೆಲ ನೋಡುತ್ತ, "ನೀನು ಗಾಡಿಗೆ ಕಾಯ್ತಿದ್ದೆ, ನಾನು ನಿನಗೆ ಕಾಯ್ತಿದ್ದೆ. ಎಷ್ಟು ದಿನ?" ಎಂದರು.

ಅವರು ಮನೆಗೆ ಬಂದ ಮೇಲೂ ಮೂರು ದಿನ ನಲ್ಲಿಯಲ್ಲಿ ಅವರೇ ಬಿಟ್ಟ ನೀರು ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಅವರು ನಲ್ಲಿಯ ಕೆಳಗೆ ಅಂಗೈ ಹಿಡಿದು, "ಗೋಣೆಪ್ಪ ಒಂದು ಸುತ್ತು ಕಮ್ಮಿ ಎತ್ತಿದಾನೆ" ಎಂದರು.

ತಮ್ಮ ಮನೆಯಲ್ಲೇ ಅವರು ನೆಂಟರ ಹಾಗಿದ್ದರು. ದೀಪದ ಸ್ವಿಚ್ ಎಲ್ಲಿ, ಲೋಟ ಎಲ್ಲಿ ಎಂದು ಕೇಳುತ್ತಿದ್ದರು. ನೀರು ಕುಡಿಯಲೂ ನನ್ನ ಮುಖ ನೋಡುತ್ತಿದ್ದರು. ನಾನೂ ಅಷ್ಟೇ. ಪಕ್ಕದಲ್ಲಿ ಒಂದು ಉಸಿರು ಇರುವುದು ಮರೆತುಹೋಗಿ, ಎಚ್ಚರವಾದಾಗ ಬೆಚ್ಚುತ್ತಿದ್ದೆ. ಆಮೇಲೆ ಹೊಂದಿಕೊಂಡೆವು. ಗಿರಣಿಯಲ್ಲಿ ಅವರು ಜರಡಿ ಹಿಡಿದರು, ಬೆಲ್ಟು ಬಿಗಿಯುವುದರಲ್ಲಿ ನನಗಿಂತ ಚುರುಕಾದರು. ಬಸಲಿಂಗವ್ವ ಅವರನ್ನು "ಏನಳಿಯಾ" ಎಂದು ಕರೆದು ರೇಗಿಸುವಳು. ನನಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಹೊತ್ತು ಹುಟ್ಟುವ ಮುಂಚೆ ಅವರು ಎದ್ದು ಹಿತ್ತಲಿಗೆ ಹೋಗಿ ನಿಲ್ಲುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಎರಡು ಕೈಯನ್ನೂ ಎದೆಯ ಮಟ್ಟಕ್ಕೆ ತಂದು, ತೂಬಿನ ತಿರುಗಣಿ ಹಿಡಿದವರಂತೆ, ಸುಮ್ಮನೆ ನಿಂತಿರುತ್ತಿದ್ದರು. ಸಂಜೆ ಐದರ ಹೊತ್ತಿಗೆ ಜರಡಿ ಕೈಯಲ್ಲೇ ನಿಲ್ಲುತ್ತಿತ್ತು. ಕೇಳಿದರೆ "ಏನಿಲ್ಲ" ಎನ್ನುತ್ತಿದ್ದರು. ಅಷ್ಟು ವರ್ಷ ಆ ದಾರಿಯ ಈ ತುದಿಯಲ್ಲಿ ನಾನು ಒಬ್ಬಳೇ ಆ ಕಡೆ ನೋಡುತ್ತಿದ್ದೆ, ಈಗ ಇಬ್ಬರಾದೆವು.

ಭಾನುವಾರ ಗಾಡಿ ತೆಗೆಯುವ ಯೋಚನೆ ನನ್ನದೇ. ಹಿಂದೆ ಅವರನ್ನು ಕೂರಿಸಿಕೊಂಡು ಕೆರೆಯ ದಾರಿ ಹಿಡಿದೆ. ತಿಪ್ಪೇಸ್ವಾಮಿ ಹೇಳಿದ್ದು ನಲವತ್ತು, ಅಂದರೆ ಇಪ್ಪತ್ತು ಹೋಗಿ ಇಪ್ಪತ್ತು ಬರಬಹುದು. ಇಪ್ಪತ್ತಕ್ಕೆ ನಿಲ್ಲಿಸಿ, ಇಳಿದು, ಪುರಿ ಉಂಡೆಯನ್ನೋ ಕಡಲೆಕಾಯಿಯನ್ನೋ ತಿಂದು ತಿರುಗಿ ಬರುತ್ತಿದ್ದೆವು. ಅಲ್ಲಿಂದ ಏನೂ ಕಾಣುವುದಿಲ್ಲ. ಬಯಲು, ಕಾಲುವೆ, ಕಾಲುವೆಯಲ್ಲಿ ಪೇಟೆಯ ಕಡೆ ಬರುವ ನೀರು. ಅವರು ಕಾಲುವೆಯ ದಂಡೆಯಲ್ಲಿ ಕೂತು ಕಾಲು ಇಳಿಬಿಡುತ್ತಿದ್ದರು. ಮುಂದೆ ಒಂದು ದಿಣ್ಣೆ ಇದೆಯೆಂದು, ಅದರ ಮೇಲೆ ಹತ್ತಿದರೆ ದೂರದಲ್ಲಿ ಕೆರೆ ಮಿನುಗುತ್ತದೆಯೆಂದು ನನಗೆ ಗೊತ್ತಿತ್ತು. ನನ್ನ ಶನಿವಾರಗಳಲ್ಲಿ ಅಲ್ಲಿಗೆ ಬಂದಾಗಲೆಲ್ಲ ಅರ್ಧ ಪ್ರಯಾಣದ ಆಯಾಸ ಇಳಿಯುತ್ತಿತ್ತು. ಈಗ ಅದಿರುವುದು ಇಪ್ಪತ್ತಮೂರನೇ ಕಿಲೋಮೀಟರಿನಲ್ಲಿ. ಅವರು ಒಮ್ಮೆಯೂ ಕೇಳಲಿಲ್ಲ. ಅಷ್ಟು ತಿಂಗಳು ನಾನು ಸರಿಯಾಗಿ ಇಪ್ಪತ್ತಕ್ಕೇ ತಿರುಗಿಸಿದೆ. ನಡುದಾರಿಯಲ್ಲಿ ಕೂತವಳಿಗೆ ಆ ಭಯ ಬೇಗ ಹೋಗುವುದಿಲ್ಲ.

ಮೊನ್ನೆ ಭಾನುವಾರ ಹೊರಟಾಗ ದೀಪಾವಳಿಗೆ ಹತ್ತು ದಿನ ಉಳಿದಿತ್ತು. ಅದು ಕಳೆದರೆ ದಿಣ್ಣೆ ಇನ್ನೂ ದೂರ. ಇಪ್ಪತ್ತು ಬಂತು. ಅವರು ಇಳಿಯಲು ಕಾಲು ಕೆಳಗಿಟ್ಟರು. ನಾನು ನಿಲ್ಲಿಸಲಿಲ್ಲ.

"ಏ ಸುವರ್ಣಾ, ಇಪ್ಪತ್ತಾಯ್ತು."

"ಗೊತ್ತು. ಕಾಲು ಮೇಲಿಡ್ರಿ."

"ವಾಪಸ್ ಹೆಂಗೆ ಹೋಗ್ತೀಯೇ?"

"ಹೋಗೋಣ ಬಿಡ್ರಿ."

ಅವರು ನನ್ನ ಭುಜ ಹಿಡಿದುಕೊಂಡರು. ದಿಣ್ಣೆಯ ಏರಿನಲ್ಲಿ ಗಾಡಿ ಏದುಸಿರು ಬಿಟ್ಟಂತೆ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಮೇಲೆ ಹತ್ತಿ ಸ್ಟ್ಯಾಂಡ್ ಹಾಕಿದೆ. ಇಳಿ ಬಿಸಿಲಿನಲ್ಲಿ ಬಹಳ ದೂರದಲ್ಲಿ ಕೆರೆ ಇತ್ತು, ಯಾರೋ ಒಣಗಲು ಹ‌ರಡಿ ಮರೆತ ಬಿಳಿಯ ಪಂಚೆಯ ಹಾಗೆ. ಅವರು ನೋಡುತ್ತ ನಿಂತರು. ಐದು ಗಂಟೆಯಾಗುತ್ತಿತ್ತು. ಅವರ ಎರಡೂ ಕೈ ತಾವಾಗಿ ಎದೆಯ ಮಟ್ಟಕ್ಕೆ ಬಂದವು, ಈ ಸಲ ಅವರು ಅದನ್ನು ಮುಚ್ಚಿಡಲಿಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬೆಳಕು ಇಳಿಯುವವರೆಗೂ ನಿಂತಿದ್ದೆವು.

ತಿರುಗಿ ಬರುವಾಗ ಪೇಟೆಗೆ ಆರು ಕಿಲೋಮೀಟರ್ ಇದೆ ಎನ್ನುವಲ್ಲಿ ಪರದೆ ಆರಿತು. ತಿಪ್ಪೇಸ್ವಾಮಿಯ ಲೆಕ್ಕ ಒಂದು ಮಾರೂ ತಪ್ಪಿರಲಿಲ್ಲ. ಅವರು ಹ್ಯಾಂಡಲ್ ಹಿಡಿದರು, ನಾನು ಹಿಂದಿನಿಂದ ತಳ್ಳಿದೆ. ಇಳಿಜಾರು, ಕಷ್ಟವಿರಲಿಲ್ಲ. ಅವರು ಮಾತಾಡುತ್ತಲೇ ಇದ್ದರು. ಇಷ್ಟು ವರ್ಷ ಫೋನಿನಲ್ಲಿ ಬಾರದಿದ್ದ ಮಾತೆಲ್ಲ ಆಗ ಬಂತು.

"ಗೋಣೆಪ್ಪ ಕೋಡಿ ಕಡೆ ಕಳೆ ತೆಗೆಸಿಲ್ಲ."

"ಅಲ್ಲಿಂದ ನಿಮಗೆ ಕಳೆ ಕಾಣಿಸ್ತಾ?"

"ಕಾಣಿಸ್ತು."

ಪೇಟೆ ಬಾಯಿಗೆ ಬಂದಾಗ ರಾತ್ರಿ ಊಟದ ಹೊತ್ತು. ತಿಪ್ಪೇಸ್ವಾಮಿ ಅಂಗಡಿ ಮುಚ್ಚುತ್ತಿದ್ದವನು ನಾವು ಗಾಡಿ ತಳ್ಳಿಕೊಂಡು ಬರುವುದನ್ನು ಕಂಡು ಬಿಳಿಚಿಕೊಂಡು ಓಡಿ ಬಂದ. ಅವನ ಕೈಯಲ್ಲಿ ಆಗಲೇ ಟೆಸ್ಟರ್ ಇತ್ತು.

"ಅಯ್ಯೋ, ಕೆಟ್ಟೋಯ್ತಾ ಅಣ್ಣಾ? ಎಲ್ಲಿ ನಿಂತುಬಿಡ್ತು?"

ನಮ್ಮವರು ಹ್ಯಾಂಡಲ್ ಬಿಟ್ಟು, ಟವೆಲ್ಲಿನಿಂದ ಕತ್ತು ಒರೆಸಿಕೊಂಡು, ಅವನ ಭುಜದ ಮೇಲೆ ಕೈ ಇಟ್ಟರು.

"ಕೆಟ್ಟಿಲ್ಲ ಕಣಪ್ಪಾ, ಚೆನ್ನಾಗೇ ಇದೆ" ಎಂದರು. "ನಾವೇ ಸ್ವಲ್ಪ ಮುಂದಕ್ಕೆ ಹೋಗಿದ್ವಿ."